ಹಳೆ ಬೈಕಿನ ಸಪೂರ ಪೈಪುಗಳು: ಯಾವುದರ ಬಾಯಿ ಎಲ್ಲಿರಬೇಕು, ಯಾಕೆ?

ಮಳೆಗಾಲ ಹಿಡಿದ ಮೇಲೆ ನಮ್ಮ ಕಾಸರಗೋಡು ಕಡೆಯ ವರ್ಕ್‌ಶಾಪುಗಳಿಗೆ ಒಂದೇ ಬಗೆಯ ದೂರು ಹೊತ್ತ ಬೈಕುಗಳು ಬರುತ್ತವೆ. ಮನೆಯಿಂದ ಹೊರಡುವಾಗ ಸರಿ ಇತ್ತು, ಬದಿಯಡ್ಕ ದಾಟುವಷ್ಟರಲ್ಲಿ ಎಳೆಯುವುದು ಬಿಟ್ಟಿತು. ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು. ಮುಂದೆ ಒಂದೆರಡು ಏರು ಹತ್ತುವಾಗ ಮತ್ತೆ ಅದೇ ಕತೆ. ಅಷ್ಟರಲ್ಲಿ ಪ್ಲಗ್ ಬದಲಾಯಿಸಿ ಆಗಿರುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೂ ಆಗಿರುತ್ತದೆ. ಹೊಸ ಕಾರ್ಬರೇಟರೇ ಹಾಕಿಬಿಡುವ ಮಾತೂ ಬಂದಿರುತ್ತದೆ. ಆದರೆ ಕಾರ್ಬರೇಟರಿನ ಮೈಯಿಂದ ಹೊರಟು ಎಂಜಿನ್ನಿನ ಹಿಂದೆ ಎಲ್ಲೋ ಕಾಣದಾಗುವ ಆ ಸಪೂರ ರಬ್ಬರ್ ಪೈಪಿನ ತುದಿ ಎಲ್ಲಿದೆ ಎಂದು ಬಗ್ಗಿ ನೋಡಿದವರು ಕಡಿಮೆ.

2020ರ ಎಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬರೇಟರ್ ಹೆಚ್ಚುಕಡಿಮೆ ಕಾಣೆಯಾಯಿತು, ಆ ಜಾಗಕ್ಕೆ ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಷನ್ ಬಂತು. ಆದರೆ ಮುಳ್ಳೇರಿಯ ಪೇಟೆಯಲ್ಲೋ ಪೆರ್ಲದಲ್ಲೋ ಸ್ವಲ್ಪ ಹೊತ್ತು ನಿಂತರೆ ಅದಕ್ಕಿಂತ ಹಿಂದಿನವು ಒಂದರ ಹಿಂದೆ ಒಂದು ಹೋಗುವುದು ಕಾಣುತ್ತದೆ. ಸ್ಪ್ಲೆಂಡರ್, ಸಿಡಿ 100, ಹಳೆಯ ಪಲ್ಸರ್, ಕಾಸ್ಟ್ ಐರನ್ ಬುಲೆಟ್, ಜೋಪಾನವಾಗಿ ಇಟ್ಟುಕೊಂಡ ಆರ್‌ಎಕ್ಸ್ 100. ತೋಟಕ್ಕೆ ಹೋಗುವುದು, ಡೈರಿಗೆ ಹಾಲು ಕೊಡುವುದು, ಗೋಣಿ ಹೇರುವುದು ಎಲ್ಲ ಇವುಗಳಲ್ಲೇ. ಕೈಯಿಂದ ಕೈಗೆ ಹೋಗಿ, ಹಲವು ವರ್ಕ್‌ಶಾಪು ಕಂಡ ಈ ಗಾಡಿಗಳಲ್ಲಿ ಕಂಪನಿ ಇಟ್ಟ ಜಾಗದಲ್ಲೇ ಎಲ್ಲ ಪೈಪುಗಳೂ ಉಳಿದಿರುವುದು ಅಪರೂಪ. ಒಂದನ್ನು ಕತ್ತರಿಸಿರುತ್ತಾರೆ, ಇನ್ನೊಂದನ್ನು ಮಡಚಿ ಕಟ್ಟಿರುತ್ತಾರೆ, ಮತ್ತೊಂದರ ಬಾಯಿಗೆ ಸ್ಕ್ರೂ ತುರುಕಿರುತ್ತಾರೆ.

ನೋಡಲು ಎಲ್ಲವೂ ಒಂದೇ ತರಹದ ಕಪ್ಪು ಪೈಪು. ಆದರೆ ಒಂದರೊಳಗೆ ಪೆಟ್ರೋಲ್ ಹೋಗಬೇಕು, ಒಂದರೊಳಗೆ ಗಾಳಿ ಮಾತ್ರ ಆಡಬೇಕು, ಒಂದು ಸುಮ್ಮನೆ ಖಾಲಿಯಾಗಿ ಕಾದಿರಬೇಕು, ಮತ್ತೊಂದು ಎಂಜಿನ್ನಿನ ಹೊಟ್ಟೆಯ ಬಿಸಿ ಆವಿಯನ್ನು ಹೊರಗೆ ಬಿಡಬೇಕು. ಯಾವ ಪೈಪಿಗೆ ಯಾವ ಕೆಲಸ ಎಂದು ಗೊತ್ತಾದರೆ ಅದು ಎಲ್ಲಿ ಹಾದು ಎಲ್ಲಿ ಮುಗಿಯಬೇಕು ಎನ್ನುವುದು ತಾನಾಗಿಯೇ ಹೊಳೆಯುತ್ತದೆ. ಮ್ಯಾನುವಲ್ ಸಿಗದ ಹಳೆ ಗಾಡಿಗೆ ಇದೇ ದಾರಿ.

ಗಾಳಿಯ ಪೈಪು

ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದೂ, ಎಲ್ಲಕ್ಕಿಂತ ಹೆಚ್ಚು ತಲೆನೋವು ಕೊಡುವುದೂ ಇದೇ. ಆದ್ದರಿಂದ ಇಲ್ಲಿಂದಲೇ ಶುರು ಮಾಡುತ್ತೇನೆ.

ಕಾರ್ಬರೇಟರಿನ ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲ್ ಒಂದು ಮಟ್ಟದಲ್ಲಿ ನಿಂತಿರುತ್ತದೆ. ಮಟ್ಟ ಇಳಿದರೆ ಫ್ಲೋಟ್ ಇಳಿಯುತ್ತದೆ, ಸೂಜಿ ತೆರೆಯುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಬರುತ್ತದೆ. ಮಟ್ಟ ಏರಿದರೆ ಸೂಜಿ ಮುಚ್ಚುತ್ತದೆ. ಬಟ್ಟಲಿನ ಮೇಲ್ಗಡೆ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿ ಇದೆ. ಆ ದಾರಿ ನಡುವೆ ಕಿರಿದಾಗಿರುವುದರಿಂದ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕಡಿಮೆಯಾಗುತ್ತದೆ. ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಮಾತ್ರ ಹೊರಗಿನ ಗಾಳಿಯ ಪೂರ್ತಿ ಒತ್ತಡ ಇರುತ್ತದೆ. ಹೆಚ್ಚು ಒತ್ತಡ ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಪೆಟ್ರೋಲ್ ಜೆಟ್ಟಿನ, ಅಂದರೆ ಅಳತೆಯ ಸಣ್ಣ ತೂತಿನ ಮೂಲಕ ಏರುತ್ತದೆ. ಎಂಜಿನ್ ಪೆಟ್ರೋಲನ್ನು ಹೀರುತ್ತದೆ ಎಂದು ನಾವು ಹೇಳುತ್ತೇವೆ. ಹೊರಗಿನ ಗಾಳಿ ಅದನ್ನು ತಳ್ಳಿಕೊಡುತ್ತದೆ ಎಂದರೆ ಹೆಚ್ಚು ಸರಿ.

ಹೊರಗಿನ ಆ ಗಾಳಿ ಬಟ್ಟಲಿಗೆ ಬರುವುದು ಎಲ್ಲಿಂದ? ಕಾರ್ಬರೇಟರಿನ ಮೈಯಲ್ಲಿ, ಬಟ್ಟಲು ಕೂರುವ ಅಂಚಿಗಿಂತ ಮೇಲೆ, ಚಿಕ್ಕ ಹಿತ್ತಾಳೆ ನಳಿಗೆಯೊಂದು ಇರುತ್ತದೆ. ಕೆಲವದರಲ್ಲಿ ಎರಡೂ ಬದಿಗೆ ಒಂದೊಂದು. ಅದಕ್ಕೆ ಸಿಕ್ಕಿಸಿದ ಪೈಪೇ ಏರ್ ವೆಂಟ್. ಪೆಟ್ರೋಲ್ ಖರ್ಚಾದಂತೆಲ್ಲ ಬಟ್ಟಲಿನ ಗಾಳಿ ಹೊರಗಿನ ಗಾಳಿಗೆ ಸಮನಾಗಿ ಉಳಿಯುವುದು ಇದರಿಂದ. ಇದು ಕಟ್ಟಿದರೆ ಬಟ್ಟಲಿನ ಮೇಲಿನ ಒತ್ತಡ ಕುಸಿಯುತ್ತದೆ, ತಳ್ಳುವ ಬಲ ಹೋಗುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಮಿಸ್ಸಿಂಗ್ ಹೊಡೆಯುತ್ತದೆ. ನಿಲ್ಲಿಸಿದಾಗ ಎಲ್ಲಿಂದಲೋ ಗಾಳಿ ನುಸುಳಿ ಒತ್ತಡ ಸಮವಾಗುತ್ತದೆ. ಕಿಕ್ ಹೊಡೆದರೆ ಸ್ಟಾರ್ಟ್. ಮೊದಲು ಹೇಳಿದ ಬದಿಯಡ್ಕದ ಕತೆಯ ಗುಟ್ಟು ಎಷ್ಟೋ ಸಲ ಇಷ್ಟೇ.

ಇಲ್ಲಿ ಕೆಲಸ ಮಾಡುವ ಒತ್ತಡದ ವ್ಯತ್ಯಾಸ ಎಷ್ಟು ಸಣ್ಣದು ಎಂದು ತಿಳಿದರೆ ಪೈಪಿನ ಜಾಗ ಯಾಕೆ ಮುಖ್ಯ ಎನ್ನುವುದು ಸ್ಪಷ್ಟವಾಗುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಕಾರ್ಬರೇಟರ್ ಅದರ ಚಿಕ್ಕದೊಂದು ಪಾಲಿನಲ್ಲಿ, ಸೆಂಟಿಮೀಟರುಗಳ ಲೆಕ್ಕದಲ್ಲಿ ವ್ಯವಹಾರ ಮಾಡುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರುಗಾಳಿ ಪೈಪಿನ ಬಾಯಿಗೆ ನೇರ ಹೊಡೆದರೆ ಅದರಿಂದ ಬರುವ ಹೆಚ್ಚುವರಿ ಒತ್ತಡ ಸುಮಾರು 3 ಸೆಂ.ಮೀ. ನೀರಿನಷ್ಟು. ಪೆಟ್ರೋಲ್ ನೀರಿಗಿಂತ ಹಗುರ, ಹಾಗಾಗಿ ಅದರ ಲೆಕ್ಕದಲ್ಲಿ 4 ಸೆಂ.ಮೀ. ಬಟ್ಟಲಿನ ಮಟ್ಟವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸುವ ಯಂತ್ರಕ್ಕೆ ಇದು ಸಣ್ಣ ಹೊಡೆತವಲ್ಲ. ಬಾಯಿ ಮುಂದಕ್ಕೆ ನೋಡುತ್ತಿದ್ದರೆ ವೇಗ ಹೆಚ್ಚಿದಂತೆ ಮಿಕ್ಸ್‌ಚರ್ ರಿಚ್ ಆಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ. ಗಾಳಿ ಬಾಯಿಗೆ ಅಡ್ಡವಾಗಿ ಬೀಸಿಕೊಂಡು ಹೋಗುವ ಹಾಗಿದ್ದರೆ ಒಳಗಿನ ಗಾಳಿಯನ್ನೂ ಎಳೆದೊಯ್ದು ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಪೇಟೆಯೊಳಗೆ ಸರಿಯಾಗಿದ್ದು ಹೈವೇಗೆ ಇಳಿದ ಕೂಡಲೇ ಮೊಂಡುಹಿಡಿಯುವ ಗಾಡಿಗೆ ಜೆಟ್ ಬದಲಾಯಿಸುವ ಮೊದಲು ಇದನ್ನು ನೋಡಿ.

ಆದ್ದರಿಂದ ವೆಂಟ್ ಪೈಪಿನ ಬಾಯಿ ಗಾಳಿ ಅಲುಗದೆ ನಿಂತಿರುವ ಜಾಗದಲ್ಲಿರಬೇಕು. ಏರ್ ಫಿಲ್ಟರ್ ಡಬ್ಬದ ಹಿಂಬದಿ, ಟ್ಯಾಂಕಿನ ಕೆಳಗೆ ಫ್ರೇಮಿನ ಸಂದಿ, ಎಂಜಿನ್ನಿಗೂ ಸ್ವಿಂಗ್ ಆರ್ಮಿಗೂ ನಡುವಿನ ಮರೆ ಇವು ಒಳ್ಳೆಯ ಜಾಗಗಳು. ಎರಡು ನಳಿಗೆ ಇದ್ದರೆ ಎರಡಕ್ಕೂ ಒಂದೇ ಉದ್ದದ ಪೈಪು ಹಾಕಿ ಒಂದೇ ಬಗೆಯ ಮರೆಯಲ್ಲಿ ಬಿಡಬೇಕು. ಪೈಪು ನಡುವೆ ಜೋತುಬಿದ್ದು ಮತ್ತೆ ಮೇಲೇರಬಾರದು. ಆ ಜೋತಿನಲ್ಲಿ ನೀರೋ ಪೆಟ್ರೋಲೋ ನಾಲ್ಕು ಹನಿ ನಿಂತರೆ ಅದೇ ಬಿರಡೆ.

ಕರಾವಳಿಯಿಂದ ಘಟ್ಟ ಹತ್ತುವವರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಪಾಣತ್ತೂರು, ಭಾಗಮಂಡಲ ದಾರಿಯಾಗಿ ಮಡಿಕೇರಿಗೆ ಹೋದರೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲೇರುತ್ತೇವೆ, ಗಾಳಿಯ ಒತ್ತಡ ಶೇ. 12ರಷ್ಟು ಇಳಿಯುತ್ತದೆ. ವೆಂಟ್ ತೆರೆದಿದ್ದರೆ ಬಟ್ಟಲೂ ಹೊರಗಿನ ಜೊತೆಗೇ ಹೊಂದಿಕೊಳ್ಳುತ್ತದೆ. ಮೇಲೆ ಗಾಳಿ ತೆಳುವಾಗಿ ಮಿಕ್ಸ್‌ಚರ್ ಸ್ವಲ್ಪ ರಿಚ್ ಆಗುವುದು ಬೇರೆ ವಿಷಯ, ಅದು ಜೆಟ್ಟಿಗೆ ಸೇರಿದ್ದು.

ಪೆಟ್ರೋಲ್ ಪೈಪು

ನೀರಿಗೆಂದು ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಪೈಪಿನಲ್ಲಿ ಮನೆಯ ಟಾಂಕಿಗೆ ತಂದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗುಡ್ಡದ ಮುರಕಲ್ಲಿನೊಳಗಿಂದ ಬರುವ ನೀರಿಗೆ ಪಂಪಿಲ್ಲ, ಇಳಿಜಾರೇ ಬಲ. ಪೈಪು ದಾರಿಯಲ್ಲಿ ಒಂದು ಬರೆ ಹತ್ತಿ ಇಳಿದರೆ ಆ ಉಬ್ಬಿನಲ್ಲಿ ಗಾಳಿ ಕಟ್ಟುತ್ತದೆ, ಕೆಳಗೆ ನೀರು ನೂಲಿನಷ್ಟಾಗುತ್ತದೆ. ಪೈಪು ಒಡೆದಿಲ್ಲ, ಸುರಂಗ ಬತ್ತಿಲ್ಲ, ಆದರೂ ನೀರಿಲ್ಲ. ಬೈಕಿನಲ್ಲೂ ಹಾಗೆಯೇ. ಟ್ಯಾಂಕಿನ ತಳಕ್ಕೂ ಕಾರ್ಬರೇಟರಿಗೂ ಎತ್ತರದ ವ್ಯತ್ಯಾಸ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು. ರಿಸರ್ವಿಗೆ ಬಂದಾಗ ಪೆಟ್ರೋಲನ್ನು ನೂಕುವುದು ಅಷ್ಟೇ ಎತ್ತರ. ನಡುವೆ ಪೈಪು ಮೇಲಕ್ಕೆ ಗೂನು ಬಿದ್ದರೆ ಅಲ್ಲಿ ಗಾಳಿಯ ಗುಳ್ಳೆ ನಿಲ್ಲುತ್ತದೆ. ಎಂಜಿನ್ನಿನ ಬಿಸಿಗೆ ಆ ಗುಳ್ಳೆ ಇನ್ನೂ ಹಿಗ್ಗುತ್ತದೆ, ಪೆಟ್ರೋಲೇ ಆವಿಯಾಗಿ ಅದಕ್ಕೆ ಸೇರುತ್ತದೆ.

ಹಾಗಾಗಿ ಟ್ಯಾಪಿನಿಂದ ಕಾರ್ಬರೇಟರಿನ ತನಕ ಪೈಪು ಇಳಿಯುತ್ತಲೇ ಹೋಗಬೇಕು. ಬೇಕಾದ್ದಕ್ಕಿಂತ ಉದ್ದ ಇಡಬಾರದು. ಎಳೆದು ಬಿಗಿಯಾಗುವಷ್ಟು ಗಿಡ್ಡವೂ ಆಗಬಾರದು, ಟ್ಯಾಂಕ್ ಮತ್ತು ಎಂಜಿನ್ ಬೇರೆ ಬೇರೆಯಾಗಿ ನಡುಗುವ ವಸ್ತುಗಳು. ಸಿಲಿಂಡರಿನ ಫಿನ್ನಿಗೆ ತಾಗಬಾರದು. ಅರ್ಧ ಬೆರಳಿನಷ್ಟಾದರೂ ಜಾಗ ಬೇಕು. ಚೂಪಾದ ತಿರುವು ಬಂದಲ್ಲಿ ಪೈಪು ಮಡಚಿಕೊಳ್ಳುತ್ತದೆ. ಮಡಚಿದ್ದು ಹೊರಗಿನಿಂದ ಸಣ್ಣ ಡೊಂಕಿನ ಹಾಗೆ ಕಂಡರೂ ಒಳಗೆ ಸೂಜಿ ಹೋಗುವಷ್ಟೇ ದಾರಿ ಇರುತ್ತದೆ. ಅಂಥ ಕಡೆ ಮೊದಲೇ ಬಾಗಿಸಿ ತಯಾರಿಸಿದ ಒರಿಜಿನಲ್ ಪೈಪಿಗೇ ಹಣ ಕೊಡುವುದು ಲೇಸು.

ನಡುವೆ ಪ್ಲಾಸ್ಟಿಕ್ ಫಿಲ್ಟರ್ ಹಾಕುವ ರೂಢಿ ಇದೆ. ತಪ್ಪಲ್ಲ, ಟ್ಯಾಂಕಿನಲ್ಲಿ ತುಕ್ಕಿದ್ದರೆ ಬೇಕೇ ಬೇಕು. ಆದರೆ ಅದನ್ನು ಮಲಗಿಸಿ ಹಾಕಿದರೆ ಮೇಲಿನ ಅರ್ಧದಲ್ಲಿ ಗಾಳಿ ಕೂತಿರುತ್ತದೆ. ಸಾಧ್ಯವಾದಷ್ಟು ನೆಟ್ಟಗೆ, ಬಾಣದ ಗುರುತು ಕೆಳಗೆ ಬರುವಂತೆ ನಿಲ್ಲಿಸಬೇಕು. ಅಷ್ಟು ಜಾಗ ಇಲ್ಲದ ಗಾಡಿಗೆ ಫಿಲ್ಟರ್ ಬೇಡ, ಟ್ಯಾಪಿನ ಒಳಗಿನ ಜಾಲರಿಯನ್ನೇ ಚೊಕ್ಕ ಇಡಿ.

ಪೈಪು ಯಾವುದರದ್ದು ಎನ್ನುವ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಮೇಸ್ತ್ರಿಗಳು ಲೆವೆಲ್ ನೋಡುವ ಪಾರದರ್ಶಕ ಪೈಪನ್ನು ಒಂದು ಅಡಿ ಕತ್ತರಿಸಿ ಪೆಟ್ರೋಲಿಗೆ ಹಾಕಿದ್ದು ನಮ್ಮ ಊರುಗಳಲ್ಲಿ ಬೇಕಾದಷ್ಟು ಕಾಣುತ್ತದೆ. ಹಾಕಿದ ದಿನ ಚಂದ, ಪೆಟ್ರೋಲ್ ಬರುವುದು ಕಾಣುತ್ತದೆ. ಆ ಪಿವಿಸಿಯನ್ನು ಮೆತ್ತಗೆ ಇಟ್ಟಿರುವ ಅಂಶವನ್ನು ಪೆಟ್ರೋಲ್ ಕರಗಿಸಿ ಒಯ್ಯುತ್ತದೆ. ಪೈಪು ಹಳದಿಯಾಗಿ, ಕಡ್ಡಿಯ ಹಾಗೆ ಗಟ್ಟಿಯಾಗಿ, ಒಂದು ದಿನ ನಳಿಗೆಯ ಬಳಿ ಸೀಳುತ್ತದೆ. ಕೆಳಗೆ ಕಾದ ಎಂಜಿನ್, ಮೇಲೆ ತುಂಬಿದ ಟ್ಯಾಂಕ್. ಪೈಪಿನಲ್ಲಿ ಉಳಿಸಿದ ಹಣಕ್ಕೆ ಇಂಥ ಅಪಾಯ ಕಟ್ಟಿಕೊಳ್ಳಬೇಡಿ.

ಈಗ ಇನ್ನೊಂದು ಕಾರಣವೂ ಸೇರಿದೆ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಸರ್ಕಾರ ಅದನ್ನು ಐದು ವರ್ಷ ಮೊದಲೇ, 2025ಕ್ಕೆ ತಂದಿತು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಒಣಗಿದಾಗ ಬಿರುಕು ಬಿಡಿಸುತ್ತದೆ. ಕೆಲವು ಪೈಪುಗಳ ಒಳಪದರ ಸಿಪ್ಪೆ ಎದ್ದು ಬರುತ್ತದೆ. ಹೊರಗೆ ಹೊಸದರಂತಿದ್ದು ಒಳಗೆ ದಾರಿ ಮುಚ್ಚಿರುತ್ತದೆ. ಬಟ್ಟಲು ಬಿಚ್ಚಿದಾಗ ಕಪ್ಪು ಚೂರುಗಳು ಕಂಡರೆ ಪೈಪನ್ನೇ ಸಂಶಯಿಸಬೇಕು. ಕೊಳ್ಳುವಾಗ ಮೈಮೇಲೆ ಎಸ್‌ಎಇ ಜೆ30 ಆರ್9 ಎಂಬ ಪೆಟ್ರೋಲ್ ಪೈಪಿನ ಗುಣಮಟ್ಟದ ಗುರುತು ಅಚ್ಚಾಗಿರುವುದು ಸಿಕ್ಕಿದರೆ ಕಣ್ಣುಮುಚ್ಚಿ ತನ್ನಿ, ಅದರ ಒಳಪದರ ಎಥನಾಲಿಗೆ ಜಗ್ಗುವುದಿಲ್ಲ. ಸಾಮಾನ್ಯವಾಗಿ ಪೆಟ್ರೋಲಿಗೆ 5 ಅಥವಾ 6 ಮಿ.ಮೀ. ಒಳಅಳತೆಯ ಪೈಪು ಆಗುತ್ತದೆ, ವೆಂಟಿಗೆ ಅದಕ್ಕಿಂತ ಸಪೂರದ್ದು. ಅಂದಾಜಿಗೆ ತರುವ ಬದಲು ಹಳೆ ಪೈಪಿನ ತುಂಡನ್ನೇ ಅಂಗಡಿಗೆ ಒಯ್ಯಿರಿ. ಸಿಕ್ಕಿಸಲು ಬಿಗಿಯಾದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಒತ್ತಿದರೆ ಸಾಕು. ತಂತಿ ಸುತ್ತಿ ಇಕ್ಕಳದಲ್ಲಿ ತಿರುವಬೇಡಿ, ತಂತಿ ರಬ್ಬರನ್ನು ಕಡಿಯುತ್ತದೆ. ಸ್ಪ್ರಿಂಗಿನ ಕ್ಲಿಪ್ಪೇ ಇದಕ್ಕೆ ಸರಿ. ಕಡಲ ಬದಿಯ ಊರಿನವರು, ಉಪ್ಪಳ, ಕುಂಬಳೆ ಕಡೆಯವರು, ಅವನ್ನು ಆಗಾಗ ನೋಡಿಕೊಳ್ಳಬೇಕು. ಉಪ್ಪುಗಾಳಿಗೆ ತುಕ್ಕು ಹಿಡಿದು ಹಿಡಿತ ಬಿಡುತ್ತವೆ.

ಓವರ್‌ಫ್ಲೋ ಪೈಪಿಗೆ ಬಿರಡೆ ಹಾಕಬೇಡಿ

ಬಟ್ಟಲಿನ ತಳದಿಂದ ಇಳಿಯುವ ಪೈಪು ಇದು. ಫ್ಲೋಟಿನ ಸೂಜಿಯ ಕೆಳಗೆ ಕಸ ಸಿಕ್ಕಿ ಅದು ಮುಚ್ಚದೇ ಹೋದರೆ ಪೆಟ್ರೋಲ್ ಏರುತ್ತಲೇ ಇರುತ್ತದೆ. ಒಂದು ಮಟ್ಟ ದಾಟಿದ್ದು ಬಟ್ಟಲೊಳಗಿನ ಕೊಳವೆಯ ಬಾಯಿಗೆ ಬಿದ್ದು ಈ ಪೈಪಿನಲ್ಲಿ ಹೊರಗೆ ಹೋಗುತ್ತದೆ. ನೆಲದಲ್ಲಿ ಪೆಟ್ರೋಲ್ ಬಿದ್ದದ್ದು ಕಂಡು ಹೊಟ್ಟೆ ಉರಿದವರು ಪೈಪಿಗೆ ಸ್ಕ್ರೂ ತುರುಕುತ್ತಾರೆ. ಸೋರಿಕೆ ನಿಂತ ಹಾಗೆ ಕಾಣುತ್ತದೆ, ಆದರೆ ಪೆಟ್ರೋಲ್ ಏರುವುದು ನಿಂತಿರುವುದಿಲ್ಲ. ಅದು ಜೆಟ್ಟುಗಳ ಮೂಲಕ ಉಕ್ಕಿ ಎಂಜಿನ್ನಿನೊಳಗೆ ಇಳಿಯುತ್ತದೆ, ಸಿಲಿಂಡರಿನ ಗೋಡೆಯ ಎಣ್ಣೆ ತೊಳೆದು ಕೆಳಗಿನ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಹಾಕಿದ್ದಕ್ಕಿಂತ ಮೇಲಿರುತ್ತದೆ, ಮೂಸಿದರೆ ಪೆಟ್ರೋಲಿನ ವಾಸನೆ. ಆ ಆಯಿಲಿನಲ್ಲಿ ಗಾಡಿ ಓಡಿಸಿದರೆ ಬೇರಿಂಗುಗಳಿಗೆ ಆಯುಸ್ಸಿಲ್ಲ.

ನೆಲದ ಮೇಲಿನ ಹನಿ ಸೂಜಿ ಕೆಟ್ಟಿದೆ ಎಂಬ ಸುದ್ದಿ. ಸೂಜಿ ಸರಿಮಾಡಿಸಿ, ಪೈಪನ್ನು ತೆರೆದೇ ಬಿಡಿ. ಅದರ ತುದಿ ಸೈಲೆನ್ಸರಿನಿಂದ ದೂರ, ಹಿಂದಿನ ಟಯರಿಗೂ ಚೈನಿಗೂ ತಾಗದಂತೆ, ಎಂಜಿನ್ನಿನ ಹಿಂದೆ ನೇರ ಕೆಳಕ್ಕೆ ಇರಬೇಕು. ರಾತ್ರಿ ಗಾಡಿ ನಿಲ್ಲಿಸುವಾಗ ಟ್ಯಾಪ್ ಬಂದ್ ಮಾಡುವ ಅಭ್ಯಾಸ ಇಟ್ಟುಕೊಂಡರೆ ಈ ಪೈಪಿಗೆ ಕೆಲಸವೇ ಬರುವುದಿಲ್ಲ.

ಎಂಜಿನ್ನಿನ ಉಸಿರು

ಎಂಜಿನ್ನಿನ ಹೊಟ್ಟೆಯ ಆವಿ ಹೊರಬಿಡುವ ಬ್ರೀದರ್ ಪೈಪಿನ ವಿಷಯಕ್ಕೆ ಬುಲೆಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಅದರಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ಸಿಲಿಂಡರಿನ ಅಗಲ ಅಂದರೆ ಬೋರ್ 70 ಮಿ.ಮೀ., ಪಿಸ್ಟನ್ ಓಡುವ ದೂರ ಅಂದರೆ ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಪಿಸ್ಟನ್ ಕೆಳಗೆ ಬರುವಾಗ ಅದರ ಅಡಿಯಲ್ಲಿರುವ ಗಾಳಿಗೆ ಅಷ್ಟೇ ಜಾಗ ಕಡಿಮೆಯಾಗುತ್ತದೆ, ಮೇಲೆ ಹೋಗುವಾಗ ಅಷ್ಟೇ ಜಾಗ ತೆರೆಯುತ್ತದೆ. 3,000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ. ಅಂದರೆ ಸೆಕೆಂಡಿಗೆ 17 ಲೀಟರಿನಷ್ಟು ಗಾಳಿ ಎಂಜಿನ್ನಿನ ಹೊಟ್ಟೆಯೊಳಗೆ ಒತ್ತಿಸಿಕೊಂಡು, ಸಡಿಲಾಗಿ, ಮತ್ತೆ ಒತ್ತಿಸಿಕೊಳ್ಳುತ್ತದೆ. ಇದರ ಮೇಲೆ, ಪಿಸ್ಟನ್ ರಿಂಗುಗಳ ಸಂದಿಯಿಂದ ಸುಟ್ಟ ಗ್ಯಾಸು ಸ್ವಲ್ಪ ಸ್ವಲ್ಪವೇ ಕೆಳಗೆ ನುಸುಳುತ್ತಿರುತ್ತದೆ. ಎಂಜಿನ್ ಹಳತಾದಷ್ಟೂ ಹೆಚ್ಚು.

ಹೊರಗೆ ಹೋಗಲು ದಾರಿ ಬೇಕು, ಒಳಗೆ ಬರಲು ಬೇಡ. ಅದಕ್ಕೆ ಹಳೆ ಬುಲೆಟ್ಟಿನ ಬ್ರೀದರಿನಲ್ಲಿ ಡಕ್‌ಬಿಲ್ ಎಂಬ ರಬ್ಬರ್ ವಾಲ್ವ್ ಇದೆ. ಎರಡು ಚಪ್ಪಟೆ ತುಟಿಗಳು, ಒಳಗಿನಿಂದ ಒತ್ತಿದರೆ ತೆರೆಯುತ್ತವೆ, ಹೊರಗಿನಿಂದ ಎಳೆದರೆ ಅಂಟಿಕೊಳ್ಳುತ್ತವೆ. ಇದು ಸರಿಯಿದ್ದರೆ ಕೆಲವೇ ಸುತ್ತುಗಳಲ್ಲಿ ಹೆಚ್ಚುವರಿ ಗಾಳಿ ಹೊರಗೆ ಹೋಗಿ ಎಂಜಿನ್ನಿನೊಳಗೆ ಸರಾಸರಿ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯೇ ಉಳಿಯುತ್ತದೆ. ಒಳಗೆ ಒತ್ತಡ ಕಡಿಮೆ ಇದ್ದರೆ ಆಯಿಲಿಗೆ ಹೊರಗೆ ಬರುವ ಅವಸರವಿಲ್ಲ. ಬುಲೆಟ್ ಎಂದರೆ ಆಯಿಲ್ ಸೋರುವುದೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೀದರ್ ಸರಿಯಿರುವ ಬುಲೆಟ್ಟುಗಳು ಒಣಗಿದ ಹೊಟ್ಟೆಯಲ್ಲೇ ಓಡುತ್ತವೆ.

ನೆರೆಮನೆಯ ಭಾವನ ಬುಲೆಟ್ಟಿನಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಟೈಮಿಂಗ್ ಕವರಿನ ಜೋಡಣೆಯಲ್ಲಿ ಆಯಿಲ್ ಒಸರುತ್ತಿತ್ತು. ಗ್ಯಾಸ್ಕೆಟ್ ಬದಲಾಯಿಸಿ, ಆನಾಬಾಂಡ್ ಅಂಟು ಮೆತ್ತಿ, ಅದರ ಮೇಲೆ ಇನ್ನೊಮ್ಮೆ ಮೆತ್ತಿ ಆಗಿತ್ತು. ಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರು ಕವರಿನತ್ತ ನೋಡಲೂ ಇಲ್ಲ. ಟೂಲ್‌ಬಾಕ್ಸಿನ ಹಿಂದೆ ಕೈ ಹಾಕಿ, ಬೈಂಡಿಂಗ್ ವಯರಿನಲ್ಲಿ ಫ್ರೇಮಿಗೆ ಬಿಗಿದಿದ್ದ ಪೈಪೊಂದನ್ನು ಹೊರಗೆಳೆದರು. ಮಡಚಿದಲ್ಲಿ ಅದು ಕಾಗದದಷ್ಟು ಚಪ್ಪಟೆಯಾಗಿತ್ತು. "ಇದನ್ನು ಎಂತಕ್ಕೆ ಮಾರಾಯ್ರೆ ಹೀಗೆ ಕಟ್ಟಿದ್ದು?" ಎಂದು ಕೇಳಿದರು. "ಸೈಲೆನ್ಸರಿಗೆ ಎಣ್ಣೆ ರಟ್ಟುತ್ತಿತ್ತು, ಅದಕ್ಕೆ ಮೇಲೆ ಎತ್ತಿ ಕಟ್ಟಿದ್ದು" ಎಂದರು ಭಾವ. ತಂತಿ ಕತ್ತರಿಸಿ, ಗಟ್ಟಿಯಾಗಿದ್ದ ಡಕ್‌ಬಿಲ್ ಬದಲಾಯಿಸಿ, ಹೊಸ ಪೈಪನ್ನು ಸೊಂಟ ಮುರಿಯದಂತೆ ಹಿಂದಕ್ಕೆ ಒಯ್ದು ಬಿಟ್ಟರು. ಕವರು ಒಣಗಿತು.

ಬ್ರೀದರ್ ಪೈಪಿನ ಬಗ್ಗೆ ನೆನಪಿಡಬೇಕಾದ್ದು ಮೂರೇ ಸಂಗತಿ. ಎಂಜಿನ್ನಿನಿಂದ ಹೊರಟ ಕೂಡಲೇ ಅದು ಸ್ವಲ್ಪ ಮೇಲೇರಬೇಕು, ಆವಿ ತಣಿದು ಹನಿಯಾದ ಆಯಿಲ್ ವಾಪಸ್ ಒಳಗೆ ಇಳಿಯಲಿ. ಎಲ್ಲೂ ಅಳತೆ ಕಿರಿದಾಗಬಾರದು. ದೊಡ್ಡ ನಳಿಗೆಗೆ ಸಣ್ಣ ಪೈಪು ಜೋಡಿಸುವುದು ಅರ್ಧ ಬಿರಡೆ ಹಾಕಿದ ಹಾಗೆ. ಮತ್ತು ಅದರ ಬಾಯಿಯಿಂದ ಬೀಳುವ ಹನಿ ಹಿಂದಿನ ಟಯರಿಗೆ ತಾಗಲೇಬಾರದು. ಬಂದಡ್ಕದ ಕಡೆಯ ತಿರುವುಗಳಲ್ಲಿ ಮಳೆ ನೀರಿನ ಜೊತೆ ಎಣ್ಣೆಯೂ ಸೇರಿದ ಟಯರು ಏನು ಮಾಡಬಲ್ಲುದು ಎಂದು ಬೈಕ್ ಓಡಿಸುವವರಿಗೆ ಹೇಳಬೇಕಾಗಿಲ್ಲ.

ಸ್ಪ್ಲೆಂಡರ್, ಸಿಡಿ 100 ಜಾತಿಯ ಹೋಂಡಾ ಮೂಲದ ಎಂಜಿನ್ನುಗಳಲ್ಲಿ ಈ ಆವಿ ಹೊರಗೆ ಹೋಗುವುದಿಲ್ಲ, ಏರ್ ಫಿಲ್ಟರ್ ಡಬ್ಬಕ್ಕೆ ಹೋಗಿ ಎಂಜಿನ್ನಿನಲ್ಲೇ ಸುಟ್ಟುಹೋಗುತ್ತದೆ. ತಣಿದು ಉಳಿದದ್ದು ಡಬ್ಬದ ಅಡಿಯಲ್ಲಿ, ಕೊನೆಗೆ ಮುಚ್ಚಳ ಇರುವ ಗಿಡ್ಡ ಪೈಪಿನಲ್ಲಿ ಶೇಖರವಾಗುತ್ತದೆ. ಇದನ್ನು ಆಗಾಗ ಖಾಲಿ ಮಾಡಬೇಕು, ಮಳೆಯಲ್ಲಿ ಓಡಿಸಿದರೆ ಇನ್ನೂ ಬೇಗ ಮಾಡಬೇಕು ಎಂದು ಹೋಂಡಾದ ಮ್ಯಾನುವಲ್ಲುಗಳೇ ಹೇಳುತ್ತವೆ. ಆಷಾಢದಲ್ಲಿ ಆ ಮುಚ್ಚಳ ಎಳೆದು ನೋಡಿ. ಮೊದಲು ನೀರು, ಆಮೇಲೆ ಬೆಳ್ಳಗಿನ ಅಂಟು ನೊರೆ, ಕೊನೆಗೆ ಕಪ್ಪು ಆಯಿಲ್ ಬರುತ್ತದೆ. ಆ ಬಿಳಿ ನೊರೆ ಕಂಡು ಗಾಬರಿ ಬೇಡ. ಮನೆಯಿಂದ ಹಾಲಿನ ಡೈರಿಗೆ, ಡೈರಿಯಿಂದ ಮನೆಗೆ ಎಂದು ಗಿಡ್ಡ ಓಡಾಟವೇ ಇದ್ದರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಆವಿಯಾಗಿ ಹೊರಡದೆ ಆಯಿಲಿನ ಜೊತೆ ಕಲೆಸಿಕೊಳ್ಳುತ್ತದೆ. ವಾರಕ್ಕೊಮ್ಮೆ ದೂರ ಓಡಿಸಿದರೆ ಕಡಿಮೆಯಾಗುತ್ತದೆ. ಆದರೆ ಡಿಪ್‌ಸ್ಟಿಕ್ಕಿನಲ್ಲೂ ಬೆಳ್ಳಗೆ ಕಂಡರೆ ಆಯಿಲ್ ಬದಲಾಯಿಸಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕಿಗೆ ಈ ಬ್ರೀದರ್ ಇಲ್ಲ. ಅಲ್ಲಿ ಪಿಸ್ಟನ್ನಿನ ಅಡಿಯ ಕೋಣೆಯೇ ಪೆಟ್ರೋಲ್ ಮಿಶ್ರಣವನ್ನು ಒತ್ತಿ ಮೇಲೆ ಕಳಿಸುವ ಪಂಪು, ಅದು ಮುಚ್ಚಿಯೇ ಇರಬೇಕು. ಅದರಲ್ಲಿ ಕಾಣುವ ಬ್ರೀದರ್ ಗೇರ್‌ಬಾಕ್ಸಿನದ್ದು, ಮೇಲ್ಮುಖವಾಗಿ ಹೋಗಿ ಮರೆಯಲ್ಲಿ ಮುಗಿದರೆ ಸಾಕು.

ಮಳೆ, ತೋಡು, ಕುಂಬಾರ ಹುಳ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲ್ಲಿ ಪೈಪಿನ ತೆರೆದ ಬಾಯಿ ಎಲ್ಲಿದೆ ಎನ್ನುವುದಕ್ಕೆ ಬಯಲುಸೀಮೆಗಿಂತ ಹೆಚ್ಚಿನ ಬೆಲೆ ಇದೆ.

ತೋಡು ದಾಟುವಾಗ ವೆಂಟ್ ಪೈಪಿನ ತುದಿ ನೀರಿಗೆ ಮುಳುಗಿದರೆ ಆ ಕ್ಷಣದಲ್ಲೇ ಬಟ್ಟಲಿನ ಗಾಳಿ ಕಟ್ಟಿತು. ಗಾಡಿ ನೀರಿನ ನಡುವೆ ಆಫ್ ಆಗುತ್ತದೆ. ಸೈಲೆನ್ಸರಿಗೆ ನೀರು ಹೋಯಿತೆಂದು ನಾವು ತಿಳಿಯುತ್ತೇವೆ. ಇದಕ್ಕೆ ಸುಲಭದ ಪರಿಹಾರ ಇದೆ. ಕಾರ್ಬರೇಟರಿನ ಹತ್ತಿರವೇ ವೆಂಟ್ ಪೈಪಿಗೆ ಒಂದು ಟಿ (ಮೂರು ಬಾಯಿಯ ಜೋಡಣೆ) ಹಾಕಿ, ಒಂದು ಕವಲನ್ನು ಎಂದಿನಂತೆ ಕೆಳಗೆ ಬಿಟ್ಟು, ಇನ್ನೊಂದನ್ನು ಮೇಲೆ ಟ್ಯಾಂಕಿನ ಅಡಿಗೆ ಒಯ್ದು ಬಾಯಿ ಕೆಳಮುಖವಾಗುವಂತೆ ಬಗ್ಗಿಸಿ ಇಡಬೇಕು. ಕೆಳಗಿನದು ಮುಳುಗಿದರೆ ಮೇಲಿನದು ಉಸಿರಾಡುತ್ತದೆ. ಮೇಲಿನದರ ಒಳಗೆ ಏನಾದರೂ ಬಿದ್ದರೆ ಕೆಳಗಿನಿಂದ ಇಳಿದುಹೋಗುತ್ತದೆ.

ಟಿ ಸಿಗದಿದ್ದರೆ ಇನ್ನೂ ಸರಳವಾದದ್ದು ಬ್ಲೇಡಿನ ಕೆಲಸ. ಸಪೂರ ಪೈಪಿನ ಬಾಯಿಯನ್ನು ನೇರವಾಗಿ ಕತ್ತರಿಸಿದರೆ ಒಂದು ಹನಿ ನೀರು ಅಲ್ಲಿಯೇ ಅಂಟಿ ನಿಲ್ಲಬಲ್ಲುದು, ಒಳಅಳತೆ 3 ಮಿ.ಮೀ. ಇದ್ದರೆ ಆ ಹನಿಯನ್ನು ಕೆಡವಲು ಸುಮಾರು 1 ಸೆಂ.ಮೀ. ನೀರಿನಷ್ಟು ಒತ್ತಡ ಬೇಕು. ಅದೇ ಓರೆಯಾಗಿ, 45 ಡಿಗ್ರಿಗೆ ಕತ್ತರಿಸಿದರೆ ಹನಿ ಜಾರಿ ಬೀಳುತ್ತದೆ. ಜೊತೆಗೆ ತುದಿಯಿಂದ ಒಂದು ಗೇಣು ಮೇಲೆ ಪೈಪಿನ ಬದಿಗೆ ಚಿಕ್ಕ ಸೀಳು ಹಾಕಿಟ್ಟರೆ, ತುದಿಗೆ ಕೆಸರು ಮೆತ್ತಿದರೂ ಅಲ್ಲಿಂದ ಗಾಳಿ ಸಿಗುತ್ತದೆ. ಸೀಳು ಹಾಕುವುದು ವೆಂಟ್ ಪೈಪಿಗೆ ಮಾತ್ರ.

ಬ್ರೀದರಿಗೆ ನೀರಿನ ಭಯ ಬೇರೆ ಬಗೆಯದ್ದು. ಕಾದ ಎಂಜಿನ್ ತಣ್ಣೀರಿಗೆ ಇಳಿದು ಅಲ್ಲೇ ನಿಂತರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಬಾಯಿ ನೀರಿನಲ್ಲಿದ್ದು ವಾಲ್ವ್ ಸೋತಿದ್ದರೆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಹೊಳೆ ಬದಿಯ ದಾರಿಯಲ್ಲಿ ದಿನವೂ ಓಡಾಡುವವರು ಬ್ರೀದರಿನ ಬಾಯಿಯನ್ನು ಆದಷ್ಟು ಮೇಲೆ, ಸೀಟಿನ ಅಡಿಯ ಮಟ್ಟದಲ್ಲಿ, ಚಿಕ್ಕ ಕ್ಯಾಚ್ ಡಬ್ಬದೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.

ವಾಟರ್ ಸರ್ವಿಸಿಗೆ ಕೊಟ್ಟಾಗ ಪ್ರೆಷರಿನ ನೀರು ಏರ್ ಫಿಲ್ಟರಿನ ಬಾಯಿಗೂ ಈ ಪೈಪುಗಳ ಬಾಯಿಗೂ ಹೊಡೆಯದ ಹಾಗೆ ಹೇಳಿಡಿ. ಇನ್ನು, ಮಳೆಗಾಲ ಕಳೆದು ಕೊಟ್ಟಿಗೆಯಲ್ಲಿ ಕೆಲವು ವಾರ ನಿಂತ ಗಾಡಿಗೆ ಕುಂಬಾರ ಹುಳದ ಕಾಟ. ಪೈಪಿನ ಬಾಯಿಯಂಥ ತೂತು ಕಂಡರೆ ಅದು ಮಣ್ಣು ಮೆತ್ತಿ ಗೂಡು ಮಾಡುತ್ತದೆ. ಓವರ್‌ಫ್ಲೋ, ವೆಂಟ್ ಎರಡಕ್ಕೂ ಬೆರಳು ಸವರಿ ನೋಡಿಯೇ ಸ್ಟಾರ್ಟ್ ಮಾಡಬೇಕು. ಇಲಿ ಕಡಿದದ್ದೂ ಆಗಲೇ ಕಾಣುತ್ತದೆ.

ಟ್ಯಾಂಕಿನ ಮುಚ್ಚಳವೂ ಈ ಲೆಕ್ಕಕ್ಕೇ ಸೇರಿದ್ದು. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು, ಅದಕ್ಕೆ ಮುಚ್ಚಳದಲ್ಲಿ ಕಾಣದಷ್ಟು ಸಣ್ಣ ದಾರಿ ಇದೆ. ಮಳೆಗೆಂದು ಟ್ಯಾಂಕಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟಿದರೆ ಆ ದಾರಿ ಮುಚ್ಚಿತು. ಟ್ಯಾಂಕಿನ ಮೈಗೆ ಸಮವಾಗಿ ಮುಚ್ಚಳ ಕೂರುವ ಗಾಡಿಗಳಲ್ಲಿ ಸುತ್ತ ನಿಂತ ಮಳೆನೀರು ಹೋಗಲು ಟ್ಯಾಂಕಿನ ಒಳಗಿಂದ ಒಂದು ಕೊಳವೆ ಇಳಿದು, ಕೆಳಗೆ ರಬ್ಬರ್ ಪೈಪಿಗೆ ಸೇರುತ್ತದೆ. ಪೈಂಟಿಗೋ ವಯರಿಂಗಿಗೋ ಟ್ಯಾಂಕ್ ಬಿಚ್ಚಿ ಕೂರಿಸುವಾಗ ಆ ಪೈಪು ಫ್ರೇಮಿನ ನಡುವೆ ಸಿಕ್ಕಿ ಚಪ್ಪಟೆಯಾಗುವುದು ಸಾಮಾನ್ಯ. ಆಗ ಮೇಲಿನ ನೀರು ನಿಂತು, ಹಳತಾದ ವಾಷರ್ ದಾಟಿ ಟ್ಯಾಂಕಿಗೆ ಇಳಿಯುತ್ತದೆ. ಎಥನಾಲ್ ಇರುವ ಪೆಟ್ರೋಲಿಗೆ ನೀರು ಹೆಚ್ಚಾದರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಕೂರುತ್ತದೆ, ರಿಸರ್ವ್ ಪಾಯಿಂಟ್ ಇರುವುದೂ ಅಲ್ಲೇ.

ಯಾವುದು ಕಟ್ಟಿದೆ ಎಂದು ಹುಡುಕುವ ಬಗೆ

ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಹತ್ತಿರ ಯಾರೂ ಬೀಡಿ ಸೇದದಿರುವಾಗ ಮಾಡಬೇಕಾದ ಕೆಲಸ ಇದು. ಕಾರ್ಬರೇಟರಿನ ಕಡೆಯ ಪೆಟ್ರೋಲ್ ಪೈಪು ಕಳಚಿ ಬಾಟಲಿಗೆ ಬಿಡಿ, ಮುಚ್ಚಳ ಹಾಕಿಯೇ ಇರಲಿ. ಮೊದಲು ಜೋರಾಗಿ ಬಂದು ಕ್ರಮೇಣ ಸಪೂರವಾದರೆ, ಮುಚ್ಚಳ ತೆರೆದಾಗ ಉಸ್ಸೆಂದು ಗಾಳಿ ಎಳೆದು ಮತ್ತೆ ಜೋರಾದರೆ, ದೋಷ ಮುಚ್ಚಳದಲ್ಲಿ. ಮುಚ್ಚಳ ತೆರೆದರೂ ಸಪೂರವೇ ಇದ್ದರೆ ಟ್ಯಾಪ್, ಫಿಲ್ಟರ್ ಅಥವಾ ಪೈಪು. ಪೆಟ್ರೋಲ್ ಧಾರಾಳವಾಗಿ ಬಂದೂ ಗಾಡಿ ಓಡುವಾಗ ನಿಲ್ಲುತ್ತಿದ್ದರೆ ವೆಂಟ್ ಪೈಪನ್ನು ನಳಿಗೆಯಿಂದ ಕಳಚಿ, ನಳಿಗೆ ತೆರೆದಿಟ್ಟು, ಮಳೆಯಿಲ್ಲದ ಹೊತ್ತು ಅದೇ ದಾರಿಯಲ್ಲಿ ಒಮ್ಮೆ ಓಡಿಸಿ. ಸರಿಯಾದರೆ ಪೈಪಿನ ದಾರಿ ತಪ್ಪಿದೆ. ಆಗಲೂ ಸರಿಯಾಗದಿದ್ದರೆ ಜೆಟ್ಟು, ಪ್ಲಗ್ಗು, ಕಾಯಿಲ್ ಎಂದು ಮುಂದಿನದನ್ನು ನೋಡಬಹುದು.

ಹೊಸ ಪೈಪು ಹಾಕುವ ಮೊದಲು ಹಳೆಯದು ಇದ್ದ ಹಾಗೆಯೇ ಎರಡೂ ಬದಿಯಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಫ್ರೇಮಿನಲ್ಲಿ ಪೈಪಿಗೆಂದೇ ತಂತಿಯ ಬಳೆಗಳಿರುತ್ತವೆ, ಅವುಗಳೊಳಗಿಂದಲೇ ಪೈಪು ಹಾಯಲಿ. ಕೇಬಲ್ ಟೈ ಹಾಕುವುದಾದರೆ ಪೈಪನ್ನು ಬೆರಳಲ್ಲಿ ಎಳೆದರೆ ಜಾರುವಷ್ಟು ಸಡಿಲವಾಗಿರಬೇಕು. ಎಲ್ಲ ಆದ ಮೇಲೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಹಿಂದೆ ಒಬ್ಬರನ್ನು ಕೂರಿಸಿ ಶಾಕ್ ಕೂತಾಗ ಯಾವುದಾದರೂ ಸಿಕ್ಕಿಬೀಳುತ್ತದೆಯೇ ನೋಡಬೇಕು. ನೀರು ಹಾಕುವ ಹಳೇ ಬ್ಯಾಟರಿ ಇದ್ದರೆ ಅದರ ಗಾಳಿ ಪೈಪನ್ನು ಇವುಗಳ ಜೊತೆ ಕಟ್ಟದೆ ಬೇರೆಯಾಗಿಯೇ ಚೈನಿನಿಂದ ದೂರ, ಕೆಳಗೆ ಬಿಡಿ, ಅದರಿಂದ ಬರುವ ಆ್ಯಸಿಡ್ ಆವಿ ಕಬ್ಬಿಣ ತಿನ್ನುತ್ತದೆ. ಆರ್‌ಎಕ್ಸ್ 100ರವರಿಗೆ ಇನ್ನೂ ಒಂದು ಕೆಲಸ ಬಾಕಿ ಇರುತ್ತದೆ. ಟೂಟಿ ಆಯಿಲ್ (ಪೆಟ್ರೋಲಿನ ಜೊತೆ ಉರಿಯುವ ಟೂ ಸ್ಟ್ರೋಕ್ ಎಣ್ಣೆ) ಪೈಪನ್ನು ಕಳಚಿದ್ದರೆ ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಒಳಗಿನ ಗಾಳಿಯ ಗುಳ್ಳೆ ಪೂರ್ತಿ ಹೊರಗೆ ಬಂದು ಬರೀ ಆಯಿಲ್ ಬರುವ ತನಕ ಬಿಟ್ಟು, ಆಮೇಲೆ ಸ್ಕ್ರೂ ಬಿಗಿದು ಕಿಕ್ ಹೊಡೆಯಬೇಕು.